ರೋಲೆಕ್ಸ್ ನಕಲು ಕೈಯಲ್ಲಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮ ತಂದೆಯ ಕಾಲದಿಂದ ವಾಚ್ ರಿಪೇರಿ ಅಂಗಡಿ ಇದೆ. ಅವರ ಕಾಲದಲ್ಲಿ ಮೇಜಿನ ಮೇಲೆ ಬರುತ್ತಿದ್ದದ್ದು ಎಚ್‌ಎಂಟಿ, ಫಾವ್ರ್ ಲುಬಾ, ಅಪರೂಪಕ್ಕೊಂದು ಸೀಕೊ. ಈಗ ವಾರಕ್ಕೆ ನಾಲ್ಕೈದು ರೋಲೆಕ್ಸ್ ಬರುತ್ತವೆ. ಹಿಂದಿನ ಮುಚ್ಚಳ ಬಿಚ್ಚಿದರೆ ಹೆಚ್ಚುಕಡಿಮೆ ಎಲ್ಲವೂ ನಕಲು. ಅದರಲ್ಲೂ ಹೆಚ್ಚಿನವು ಸಬ್‌ಮರೀನರ್, ಅಂದರೆ ನೀರಿನಲ್ಲಿ ಮುಳುಗುವವರಿಗೆಂದು ರೋಲೆಕ್ಸ್ ಮಾಡಿದ ಮಾದರಿ. ಕೌಂಟರಿನಲ್ಲಿ ನಿಂತು, ಫೋನಿನಲ್ಲಿ, ಊರಿಂದ ಪಾರ್ಸೆಲ್ ಕಳಿಸುವಾಗ ಜೊತೆಗಿಟ್ಟ ಚೀಟಿಯಲ್ಲಿ ಜನ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಇವೇ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ಫಸ್ಟ್ ಕಾಪಿ, ಮಾಸ್ಟರ್ ಕಾಪಿ, 7ಎ ಅಂತೆಲ್ಲ ಹೇಳ್ತಾರಲ್ಲ, ಏನು ವ್ಯತ್ಯಾಸ?

ಇವೆಲ್ಲ ಮಾರುವವರು ಕಟ್ಟಿಕೊಂಡ ಹೆಸರುಗಳು. ಅಳತೆಗೋಲು ಯಾವುದೂ ಇಲ್ಲ. ಒಬ್ಬ ಫಸ್ಟ್ ಕಾಪಿ ಅಂತ ಕೊಟ್ಟದ್ದನ್ನೇ ಪಕ್ಕದ ಅಂಗಡಿಯವನು 7ಎ ಅಂತ ಕೊಡುತ್ತಾನೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಒಳಗಿರುವ ಮಷಿನ್ ಯಾವುದು?

ನನ್ನ ಮೇಜಿಗೆ ಬರುವವು ಮೂರು ಥರ. ಮೊದಲನೆಯದು ಸೆಲ್ ಹಾಕುವ ಕ್ವಾರ್ಟ್ಸ್ ಮಷಿನ್, ತಗಡಿನಂಥ ಕೇಸು. ಎರಡನೆಯದು ಚೀನಾದ ಅಗ್ಗದ ಆಟೊಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವಂಥದ್ದು), ಹೆಚ್ಚಾಗಿ 2813 ಅನ್ನುವ ಮಷಿನ್. ಕೆಲವೊಮ್ಮೆ ಜಪಾನಿನ ಮಿಯೋಟ ಇರುತ್ತದೆ, ಅದು ಇದ್ದರೆ ನಿಮ್ಮ ಅದೃಷ್ಟ. ಮೂರನೆಯದು ಸ್ವಿಸ್ ಕಂಪನಿ ಇಟಿಎಯ 2824 ಮಷಿನ್ನಿನ ಚೀನೀ ಪಡಿಯಚ್ಚು, ಇಲ್ಲವೇ ರೋಲೆಕ್ಸ್‌ನ 3235 ಮಷಿನ್ನಿನಂತೆಯೇ ಕಾಣುವ ಹಾಗೆ ಮಾಡಿದ ಕ್ಲೋನ್. ಬೆಲೆ, ಬಾಳಿಕೆ, ರಿಪೇರಿ ಎಲ್ಲ ಇದರ ಮೇಲೆ ನಿಂತಿದೆ.

ರೋಲೆಕ್ಸ್ ಥರಾನೇ ಇದೆ, ಆದ್ರೆ ಡಯಲ್ ಮೇಲೆ ಬೇರೆ ಹೆಸರು. ಅದೂ ಡೂಪ್ಲಿಕೇಟಾ?

ಅಲ್ಲ. ಇದನ್ನು ಚೆನ್ನಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಕಪ್ಪು ಡಯಲ್, ದುಂಡು ಗುರುತುಗಳು, ತಿರುಗುವ ಬೆಜೆಲ್ (ಗಾಜಿನ ಸುತ್ತಲಿನ ಉಂಗುರ) ಇರುವ ಸಬ್‌ಮರೀನರ್ ರೂಪ 1953ರದ್ದು. ಅದೇ ವರ್ಷ ಬ್ಲಾಂಪೇನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಕೂಡ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮುಳುಗುಗಾರನಿಗೆ ಬೇಕಾದದ್ದು ಆ ರೂಪ, ಆಮೇಲೆ ನೂರಾರು ಕಂಪನಿಗಳು ಅದೇ ದಾರಿಯಲ್ಲಿ ವಾಚು ಮಾಡಿದವು. ನಮ್ಮ ದೇಶದ ಡಿಸೈನ್ಸ್ ಕಾಯ್ದೆಯ ಪ್ರಕಾರ ಒಂದು ವಿನ್ಯಾಸದ ನೋಂದಣಿ ಮೊದಲು 10 ವರ್ಷ, ಮುಂದುವರಿಸಿದರೆ ಇನ್ನು 5 ವರ್ಷ, ಅಲ್ಲಿಗೆ ಮುಗಿಯಿತು. ಟ್ರೇಡ್‌ಮಾರ್ಕ್ ಹಾಗಲ್ಲ. ಹತ್ತತ್ತು ವರ್ಷಕ್ಕೆ ನವೀಕರಿಸುತ್ತಾ ಹೋದರೆ ರೋಲೆಕ್ಸ್ ಅನ್ನುವ ಹೆಸರು, ಅದರ ಕಿರೀಟದ ಗುರುತು ಎಂದೆಂದಿಗೂ ಆ ಕಂಪನಿಯದ್ದೇ.

ಹಾಗಾಗಿ ಇನ್ವಿಕ್ಟಾ ಕಂಪನಿಯವರು ತಮ್ಮ ಹೆಸರು ಹಾಕಿ ಸಬ್‌ಮರೀನರ್ ರೂಪದ ಪ್ರೊ ಡೈವರ್ ಮಾರಿದರೆ ಅದು ಹೊಮಾಜ್, ಅಂದರೆ ಗೌರವದ ಅನುಸರಣೆ. ಅದೇ ರೂಪಕ್ಕೆ ಕಿರೀಟ ಅಚ್ಚು ಹಾಕಿದ ಕ್ಷಣ ನಕಲು. ‘ನನಗೆ ಆ ಚಂದ ಬೇಕು ಅಷ್ಟೇ, ಹೆಸರು ಬೇಡ’ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದೇ ದಾರಿ. ಸೀಕೊ ಎನ್‌ಎಚ್35 ಮಷಿನ್ ಇರುವ ಹೊಮಾಜ್ ವಾಚು ಬೇಕಾದಷ್ಟಿವೆ. ಆ ಮಷಿನ್ ಯಾವ ಊರಿನ ರಿಪೇರಿಯವರಿಗೂ ಗೊತ್ತು.

ಸೆಕೆಂಡ್ ಮುಳ್ಳು ಟಿಕ್ ಟಿಕ್ ಅಂತ ಹಾರಿದ್ರೆ ನಕಲಿ, ಜಾರ್ಕೊಂಡು ಹೋದ್ರೆ ಅಸಲಿ. ಸರಿನಾ?

ಮೊದಲ ಅರ್ಧ ಬಹುಮಟ್ಟಿಗೆ ಸರಿ, ಎರಡನೆಯ ಅರ್ಧ ತಪ್ಪು. ಸೆಕೆಂಡಿಗೊಮ್ಮೆ ಹಾರುವುದು ಕ್ವಾರ್ಟ್ಸ್ ಮಷಿನ್. ಸಬ್‌ಮರೀನರ್ ಯಾವತ್ತೂ ಕ್ವಾರ್ಟ್ಸಿನಲ್ಲಿ ಬಂದಿಲ್ಲ, ಹಾಗಾಗಿ ಹಾರುವ ಸಬ್‌ಮರೀನರ್ ನಕಲೇ. ಆದರೆ ರೋಲೆಕ್ಸ್ 1977ರಿಂದ 2001ರವರೆಗೆ ಆಯ್ಸ್ಟರ್‌ಕ್ವಾರ್ಟ್ಸ್ ಅನ್ನುವ ವಾಚು ಮಾಡಿದೆ. ಯಾರದೋ ಮನೆಯಲ್ಲಿ ಅಂಥದ್ದು ಸಿಕ್ಕರೆ ‘ಟಿಕ್ ಅಂತು’ ಅಂತ ಎಸೆದುಬಿಡಬೇಡಿ.

ಇನ್ನು ಜಾರುವುದು. ಈಗಿನ ಸಬ್‌ಮರೀನರ್ ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು ಪುಟ್ಟ ಹೆಜ್ಜೆ. 2813 ಮಷಿನ್ 21,600, ಸೆಕೆಂಡಿಗೆ ಆರು ಹೆಜ್ಜೆ. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ಇಟಿಎ ಪಡಿಯಚ್ಚೂ 28,800ರಲ್ಲೇ ಓಡುತ್ತದೆ, ಮುಳ್ಳು ನೋಡಿ ಅಸಲಿ ಅಂತ ತೀರ್ಪು ಕೊಡುವ ಹಾಗಿಲ್ಲ.

ಅಂಗಡಿಗೆ ಬರದೆ ನೀವೇ ನೋಡಬಹುದಾದ ಇನ್ನೆರಡು ಗುರುತು ಹೇಳುತ್ತೇನೆ. ತಾರೀಖಿನ ಮೇಲಿನ ಉಬ್ಬುಗಾಜು ಅಸಲಿಯಲ್ಲಿ ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ತಾರೀಖು ಆ ಕಿಟಕಿಯನ್ನು ತುಂಬಿಕೊಂಡಿರುತ್ತದೆ. ಅಗ್ಗದ ನಕಲಿನಲ್ಲಿ ಅಂಕಿ ಸಣ್ಣಗೆ, ನಡುವೆ ತೇಲಿದಂತೆ ಕಾಣುತ್ತದೆ. ಹಿಂದಿನ ಮುಚ್ಚಳ ಗಾಜಿನದಾಗಿ ಮಷಿನ್ ಕಾಣುತ್ತಿದ್ದರೆ ಆ ಸಬ್‌ಮರೀನರ್ ಖಂಡಿತ ನಕಲು. ಈಗಿನ ರೋಲೆಕ್ಸ್‌ಗಳಲ್ಲಿ ಗಾಜಿನ ಬೆನ್ನು ಬರತೊಡಗಿದ್ದು 2023ರಲ್ಲಿ, ಅದೂ 1908, ಪ್ಲಾಟಿನಂ ಡೇಟೋನದಂಥ ಕೆಲವೇ ಮಾದರಿಗಳಿಗೆ, ಸಬ್‌ಮರೀನರ್‌ಗೆ ಅಲ್ಲ.

ಕೆಲವೇ ಸಾವಿರಕ್ಕೆ ಅದೇ ಥರದ್ದು ಸಿಗುವಾಗ ಅಸಲಿಗೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು?

ಸುರಿಯಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಆ ಲಕ್ಷಗಳಲ್ಲಿ ಒಂದು ಪಾಲು ಹೆಸರಿಗೆ ಹೋಗುತ್ತದೆ, ಅದು ನಿಜ. ಉಳಿದ ಪಾಲು ಎಲ್ಲಿಗೆ ಹೋಗುತ್ತದೆ ಅಂತ ಮೇಜಿನ ಈ ಕಡೆ ಕೂತವನಿಗೆ ಕಾಣುತ್ತದೆ. ಉಪ್ಪುನೀರಿಗೆ ಜಗ್ಗದ 904ಎಲ್ ಉಕ್ಕು, ಗೀರು ಬೀಳದ ಸೆರಾಮಿಕ್ ಬೆಜೆಲ್, ದಿನಕ್ಕೆ ಎರಡು ಸೆಕೆಂಡು ಹಿಂದೆಮುಂದೆ ಮೀರಬಾರದೆಂಬ ಪರೀಕ್ಷೆ, 70 ಗಂಟೆ ಓಡುವ ಸ್ಪ್ರಿಂಗು, ಐದು ವರ್ಷದ ಗ್ಯಾರಂಟಿ. ಎಲ್ಲಕ್ಕಿಂತ ಮುಖ್ಯವಾಗಿ ಇಪ್ಪತ್ತು ವರ್ಷ ಆದ ಮೇಲೂ ಅದಕ್ಕೊಂದು ಚಕ್ರ ಬೇಕಾದರೆ ಸಿಗುತ್ತದೆ.

ನಕಲು ವಾಚಿನಲ್ಲಿ ಕಣ್ಣಿಗೆ ಕಾಣುವ ಜಾಗಕ್ಕೆ ದುಡ್ಡು ಹಾಕಿರುತ್ತಾರೆ. ಕಾಣದ ಜಾಗಕ್ಕೆ ಹಾಕಿರುವುದಿಲ್ಲ. ಆ ಹೋಲಿಕೆ ಮಾಡುವುದಾದರೆ ನಕಲನ್ನು ರೋಲೆಕ್ಸ್ ಜೊತೆ ಹೋಲಿಸಬೇಡಿ, ಅದೇ ದುಡ್ಡಿಗೆ ಸಿಗುವ ಟೈಟನ್, ಸೀಕೊ, ಸಿಟಿಜನ್, ಎಚ್‌ಎಂಟಿ ಜೊತೆ ಹೋಲಿಸಿ. ಆಗ ನಕಲು ದುಬಾರಿ ಅನ್ನಿಸುತ್ತದೆ.

## ಕಟ್ಟಿಕೊಂಡು ಓಡಾಡುವವರಿಗೆ

ಡಯಲ್ ಮೇಲೆ 300 ಮೀಟರ್ ಅಂತ ಬರೆದಿದೆ. ಸ್ನಾನ, ಈಜು ಎಲ್ಲ ಓಕೆ ತಾನೆ?

ಬೇಡ. ಮಳೆಗೂ ಬೇಡ.

ಅಸಲಿ ಸಬ್‌ಮರೀನರ್‌ನ 300 ಮೀಟರು ಅಂದರೆ ಆ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಒಂದೊಂದು ವಾಚನ್ನೂ ಪರೀಕ್ಷೆ ಮಾಡಿ ಬರೆದದ್ದು. ನಕಲಿನ ಮೇಲಿರುವ 300 ಬರೀ ಚಿತ್ರ. ಅಸಲಿ ಡಯಲ್ಲಿನ ಉಳಿದ ಅಕ್ಷರಗಳ ಜೊತೆ ಅದೂ ಅಚ್ಚಾಗಿ ಬಂದಿದೆ.

ಒಬ್ಬ ಹುಡುಗ ಬಲಮುರಿಗೆ ಸ್ನೇಹಿತರ ಜೊತೆ ಹೋಗಿ ಕಾವೇರಿಯಲ್ಲಿ ಈಜಿ, ನಾಲ್ಕು ದಿನ ಬಿಟ್ಟು ವಾಚು ತಂದ. ಗಾಜಿನ ಒಳಗೆ ಸಣ್ಣಗೆ ಮಂಜು. ‘ಬಿಸಿಲಿಗೆ ಇಟ್ಟಿದ್ದೆ ಸಾರ್, ಹೋಗ್ತಾ ಇಲ್ಲ’ ಅಂದ. ಮುಚ್ಚಳ ತಿರುಗಿಸುವಾಗಲೇ ಕರಕರ ಸದ್ದು, ಥ್ರೆಡ್ಡಿನಲ್ಲಿ ಮರಳು. ನೀರು ತಡೆಯುವ ರಬ್ಬರ್ ಉಂಗುರ ಒಣಗಿ ಚಪ್ಪಟೆಯಾಗಿ ಒಂದು ಕಡೆ ತುಂಡಾಗಿತ್ತು. ಅದಕ್ಕೆ ಸವರಬೇಕಾದ ಸಿಲಿಕೋನ್ ಗ್ರೀಸು ಒಂದು ಚೂರೂ ಇರಲಿಲ್ಲ. ರೋಟರಿನ, ಅಂದರೆ ತಿರುಗಿ ತಿರುಗಿ ವಾಚಿಗೆ ಕೀ ಕೊಡುವ ತೂಕದ, ಸ್ಕ್ರೂ ಸುತ್ತ ರಾಗಿ ಕಾಳಿನಷ್ಟು ತುಕ್ಕು ಕೂತಿತ್ತು. ತಾರೀಖಿನ ಚಕ್ರ ಉಬ್ಬಿ ಡಯಲ್ಲಿಗೆ ಒತ್ತಿಕೊಂಡು, ಹನ್ನೊಂದನೇ ತಾರೀಖಿನ ಎರಡನೇ ಒಂದು ಅಳಿಸಿಹೋಗಿತ್ತು. ಮೊದಲ ದಿನವೇ ತಂದಿದ್ದರೆ ಒಣಗಿಸಿ ಉಳಿಸಬಹುದಿತ್ತು.

ಹಾಗಾಗಿ ನೀರು ಹೋಗಿದೆ ಅನ್ನಿಸಿದ ತಕ್ಷಣ ಮಾಡಬೇಕಾದದ್ದು: ಕೀ ಹೊರಗೆ ಎಳೆದು ವಾಚು ನಿಲ್ಲಿಸಿ, ಅದೇ ದಿನ ಯಾರಾದರೂ ರಿಪೇರಿಯವರ ಹತ್ತಿರ ಮುಚ್ಚಳ ಬಿಚ್ಚಿಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಬಿಸಿಗೆ ನೀರು ಆವಿಯಾಗಿ ಇನ್ನೂ ಒಳಗಿನ ಜಾಗಗಳಿಗೆ ಹೋಗಿ ಕೂರುತ್ತದೆ. ನಕಲಿಗೆ ಹೊಸ ರಬ್ಬರ್ ಹಾಕಿಸಿ, ಒತ್ತಡದ ಪರೀಕ್ಷೆ ಮಾಡಿಸಿಕೊಂಡರೆ ಕೈ ತೊಳೆಯುವಾಗ ಸಿಡಿಯುವ ನೀರಿಗೆ ಹೆದರಬೇಕಿಲ್ಲ. ಅಷ್ಟಕ್ಕೆ ನಿಲ್ಲಿಸಿ.

ಕಟ್ಟಿಕೊಂಡ್ರೆ ಮಣಿಕಟ್ಟು ತುರಿಸುತ್ತೆ, ಚರ್ಮ ಕಪ್ಪಾಗುತ್ತೆ. ಯಾಕೆ?

ಒಳ್ಳೆಯ ಉಕ್ಕಿನಲ್ಲೂ ನಿಕ್ಕಲ್ ಇರುತ್ತದೆ, ಆದರೆ ಅದು ಲೋಹದೊಳಗೆ ಕಟ್ಟಿಕೊಂಡಿರುತ್ತದೆ, ಚರ್ಮಕ್ಕೆ ಬಿಡುವುದು ತೀರಾ ಕಡಿಮೆ. ಅಗ್ಗದ ನಕಲಿನ ಕೇಸು, ಚೈನು ಹಲವು ಸಲ ಹಿತ್ತಾಳೆಯಂಥ ಮಿಶ್ರಲೋಹಕ್ಕೆ ಲೇಪ ಕೊಟ್ಟದ್ದು. ಬೆವರು ತಗುಲಿ ಲೇಪ ಎದ್ದಾಗ ಕೆಳಗಿನದ್ದು ಚರ್ಮಕ್ಕೆ ಮುಟ್ಟುತ್ತದೆ. ನಿಕ್ಕಲ್ ಒಗ್ಗದ ಮೈಯಾದರೆ ತುರಿಕೆ, ಗುಳ್ಳೆ. ಅಗ್ಗದ ಕಿವಿಯೋಲೆಗೆ ಕಿವಿ ಕೀವಾಗುವವರಿಗೆ ಈ ವಾಚೂ ಒಗ್ಗುವುದಿಲ್ಲ. ಚೈನು ಬಿಚ್ಚಿಸಿ ಬಟ್ಟೆಯ ಅಥವಾ ಚರ್ಮದ ಬೆಲ್ಟ್ ಹಾಕಿಸಿ ನೋಡಿ. ಕೇಸಿನ ಬೆನ್ನಿಗೇ ತುರಿಕೆ ಬಂದರೆ ಆ ವಾಚು ಬಿಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಚಿನ್ನದ ಬಣ್ಣದವರಿಗೆ ಒಂದು ಮಾತು. ರೋಲೆಕ್ಸ್‌ನ ಈಗಿನ ಚಿನ್ನದ ವಾಚು 18 ಕ್ಯಾರೆಟ್ಟಿನ ಗಟ್ಟಿ ಚಿನ್ನ. ಎರಡು ಬಣ್ಣದ್ದರಲ್ಲೂ ಹಳದಿ ಭಾಗ ಗಟ್ಟಿ ಚಿನ್ನವೇ. ಹಳದಿ ಸವೆದು ಕೆಳಗೆ ಬಿಳಿ ಲೋಹ ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ. ಅನುಮಾನ ಇದ್ದರೆ ಒಡವೆ ಅಂಗಡಿಯ ಕ್ಯಾರೆಟ್ ನೋಡುವ ಯಂತ್ರ ವಾಚಿಗೆ ಒಂದು ಗೀರೂ ಮಾಡದೆ ಹೇಳಿಬಿಡುತ್ತದೆ.

ನಿಂತುಹೋಗಿದೆ. ಡೂಪ್ಲಿಕೇಟ್ ಅಂತ ಗೊತ್ತು. ರಿಪೇರಿ ಮಾಡ್ತೀರಾ?

ಮಾಡುತ್ತೇನೆ. ನಮ್ಮ ತಂದೆ ಹೇಳುತ್ತಿದ್ದದ್ದು, ‘ಡಯಲ್ ಸುಳ್ಳು ಹೇಳಬಹುದು, ಬ್ಯಾಲೆನ್ಸ್ ಚಕ್ರ ಹೇಳಲ್ಲ’ ಅಂತ. ಬ್ಯಾಲೆನ್ಸ್ ಅಂದರೆ ವಾಚಿನ ಬಡಿತ ಕೊಡುವ, ಹಿಂದೆಮುಂದೆ ಆಡುವ ಚಕ್ರ. ಒಳಗಿರುವುದು ನಿಜವಾದ ಮಷಿನ್ನೇ, ಅದಕ್ಕೂ ಎಣ್ಣೆ ಬೇಕು, ಅದೂ ಸವೆಯುತ್ತದೆ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನವರು ಇದನ್ನು ಮುಟ್ಟುವುದಿಲ್ಲ, ಅಲ್ಲಿಗೆ ಒಯ್ದು ಮುಜುಗರ ಪಡಬೇಡಿ.

ಇಟಿಎ ಪಡಿಯಚ್ಚು ಆಗಿದ್ದರೆ ಬಿಡಿಭಾಗ ಸಿಗುತ್ತದೆ, ಬಿಚ್ಚಿ ತೊಳೆದು ಎಣ್ಣೆ ಹಾಕಬಹುದು. 2813 ಆಗಿದ್ದರೆ ಬಿಚ್ಚಿ ಕೂರುವುದಕ್ಕಿಂತ ಇಡೀ ಮಷಿನ್ ಬದಲಿಸುವುದು ಅಗ್ಗ. ತೊಂದರೆ ಇರುವುದು ಎಲ್ಲರೂ ಹೊಗಳುವ ಕ್ಲೋನಿನಲ್ಲಿ. ರೋಲೆಕ್ಸ್ ಮಷಿನ್ನಿನಂತೆ ಕಾಣುತ್ತದೆ, ಆದರೆ ರೋಲೆಕ್ಸ್ ಭಾಗ ಅದಕ್ಕೆ ಕೂರಬೇಕೆಂದೇನೂ ಇಲ್ಲ, ಇಟಿಎ ಭಾಗವಂತೂ ಕೂರುವುದೇ ಇಲ್ಲ. ಅತಿ ದುಬಾರಿ ನಕಲು ಕೊಂಡವರೇ ಕೊನೆಗೆ ರಿಪೇರಿ ಸಿಗದೆ ಕೈಚೆಲ್ಲುತ್ತಾರೆ.

ಒಂದು ಷರತ್ತು ಮಾತ್ರ ಇದೆ. ಯಾವ ನಕಲು ವಾಚು ಬಂದರೂ ನಮ್ಮ ರಸೀದಿಯಲ್ಲಿ ಕಂಪನಿಯ ಹೆಸರಿನ ಜಾಗದಲ್ಲಿ ‘ನಕಲು’ ಅಂತ ಬರೆಯುತ್ತೇನೆ. ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಇವತ್ತು ನಾನು ‘ರೋಲೆಕ್ಸ್, ಸರ್ವಿಸ್ ಆಗಿದೆ’ ಅಂತ ಬರೆದುಕೊಟ್ಟರೆ ನಾಳೆ ಆ ಚೀಟಿಯೇ ಯಾರಿಗೋ ಸಾಕ್ಷಿಯಾಗುತ್ತದೆ.

ನೀವೇ ಪಾಲಿಸಬಹುದಾದ ಒಂದು ನಿಯಮ: ಇಂಥ ಮಷಿನ್‌ಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಕೀ ತಿರುಗಿಸಿ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ಮುಳ್ಳನ್ನು ಆರು ಗಂಟೆಯ ಹತ್ತಿರಕ್ಕೆ ತಂದು ಆಮೇಲೆ ತಾರೀಖು ಮುಟ್ಟಿ.

## ಕಾನೂನು, ಪ್ರಯಾಣ, ಕೊಡು-ಕೊಳ್ಳು

ಡೂಪ್ಲಿಕೇಟ್ ಕಟ್ಟಿಕೊಂಡಿದ್ದಕ್ಕೆ ಪೊಲೀಸ್ ಹಿಡೀತಾರಾ?

ನಮ್ಮ ದೇಶದಲ್ಲಿ ಟ್ರೇಡ್‌ಮಾರ್ಕ್ ಕಾಯ್ದೆ, 1999 ಇದೆ. ಅದರ 103ನೇ ಸೆಕ್ಷನ್ ಸುಳ್ಳು ಟ್ರೇಡ್‌ಮಾರ್ಕ್ ಹಾಕುವವರಿಗೆ, 104ನೇ ಸೆಕ್ಷನ್ ಅಂಥ ಸರಕು ಮಾರುವವರಿಗೆ ಮತ್ತು ಮಾರಲೆಂದು ಇಟ್ಟುಕೊಂಡವರಿಗೆ. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಸ್ವಂತಕ್ಕೆ ಒಂದು ವಾಚು ಕಟ್ಟಿಕೊಂಡವರನ್ನು ಈ ಸೆಕ್ಷನ್‌ಗಳು ಹೆಸರಿಸುವುದಿಲ್ಲ. ‘ಮಾರಲೆಂದು’ ಅನ್ನುವ ಮಾತು ಅಲ್ಲಿ ಮುಖ್ಯ. ಮನೆಯಲ್ಲಿ ಹತ್ತು ವಾಚು ಇಟ್ಟುಕೊಂಡು ವಾಟ್ಸಾಪಿನಲ್ಲಿ ಫೋಟೊ ಹಾಕುತ್ತಿದ್ದರೆ ‘ನನ್ನ ಸ್ವಂತಕ್ಕೆ’ ಅನ್ನುವ ಮಾತು ನಿಲ್ಲುವುದಿಲ್ಲ.

ಹೊರದೇಶದಿಂದ ತರಬಹುದಾ? ಕಟ್ಟಿಕೊಂಡೇ ಯೂರೋಪಿಗೆ ಹೋಗಬಹುದಾ?

ಭಾರತಕ್ಕೆ ಬರುವಾಗ ಕಸ್ಟಮ್ಸ್‌ನವರಿಗೆ 2007ರ ಬೌದ್ಧಿಕ ಆಸ್ತಿ ಜಾರಿ ನಿಯಮಗಳಿವೆ. ನಕಲು ಸರಕು ಕಂಡರೆ ತಡೆಹಿಡಿದು ನಾಶ ಮಾಡಬಹುದು. ಸ್ವಂತ ಬಳಕೆಗೆಂದು ಬ್ಯಾಗಿನಲ್ಲಿ ತಂದ, ವ್ಯಾಪಾರಕ್ಕಲ್ಲದ ವಸ್ತುವಿಗೆ ಆ ನಿಯಮಗಳಲ್ಲೇ ವಿನಾಯಿತಿ ಇದೆ. ಕೈಯಲ್ಲೊಂದು ವಾಚು ಸರಿ, ಸೂಟ್‌ಕೇಸಿನಲ್ಲಿ ಹನ್ನೆರಡು ಅಂದರೆ ಬೇರೆ ಮಾತು.

ಯೂರೋಪಿಗೆ ಹೋಗುವವರು ಮನೆಯಲ್ಲೇ ಬಿಟ್ಟುಹೋಗಿ. ಮಗಳ ಮನೆಗೆ ಹೋಗುವ ತಂದೆತಾಯಿಯರಿಗೆ, ಕಂಪನಿ ಕೆಲಸಕ್ಕೆ ಹೋಗುವ ಹುಡುಗರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಫ್ರಾನ್ಸಿನಲ್ಲಿ ನಕಲು ವಸ್ತು ಇಟ್ಟುಕೊಳ್ಳುವುದೇ ಅಪರಾಧ, ದಂಡವನ್ನು ಅಸಲಿಯ ಬೆಲೆಯ ಲೆಕ್ಕದಲ್ಲಿ ಹಾಕಬಹುದು. ಇಟಲಿಯಲ್ಲಿ ಬೀದಿಬದಿ ನಕಲು ಕೊಂಡವರಿಗೂ 7,000 ಯೂರೊವರೆಗೆ ದಂಡ ಇದೆ. ಸ್ವಿಟ್ಜರ್ಲೆಂಡಿನಲ್ಲಿ 2008ರ ಜುಲೈನಿಂದ ಸ್ವಂತಕ್ಕೆಂದು ತಂದ ಒಂದೇ ಒಂದು ನಕಲನ್ನೂ ಕಸ್ಟಮ್ಸ್‌ನವರು ಕಿತ್ತುಕೊಂಡು ನಾಶ ಮಾಡಬಹುದು.

ಡೂಪ್ಲಿಕೇಟ್ ಅಂತ ಬಾಯಿಬಿಟ್ಟು ಹೇಳಿಯೇ ಮಾರಿದ್ರೆ ತಪ್ಪೇನು?

ಕಾನೂನಿಗೆ ಅದು ಸಮಜಾಯಿಷಿ ಆಗುವುದಿಲ್ಲ. ಸುಳ್ಳು ಗುರುತು ಇರುವ ಸರಕು ಮಾರಿದ್ದೇ ಅಪರಾಧ.

ಕಾನೂನು ಪಕ್ಕಕ್ಕಿಡಿ. ನೀವು ಹೇಳಿ ಮಾರುತ್ತೀರಿ. ಕೊಂಡವನು ಮುಂದಿನವನಿಗೆ ಹೇಳುತ್ತಾನಾ? ಮೂರನೇ ಕೈಗೆ ಹೋಗುವ ಹೊತ್ತಿಗೆ ಒಂದು ಪೆಟ್ಟಿಗೆ ಸೇರಿಕೊಂಡಿರುತ್ತದೆ, ನಾಲ್ಕನೇ ಕೈಗೆ ಒಂದು ಕಾರ್ಡು. ನಕಲು ವಾಚಿನ ಬಗ್ಗೆ ನನಗಿರುವ ಒಂದೇ ಗಟ್ಟಿ ಅಭಿಪ್ರಾಯ ಇದು. ಕಟ್ಟಿಕೊಳ್ಳುವುದು ಬಿಡುವುದು ನಿಮ್ಮಿಷ್ಟ, ಅದರ ಬಗ್ಗೆ ಯಾರ ಮೇಲೂ ನನಗೆ ತಾತ್ಸಾರ ಇಲ್ಲ. ಆದರೆ ಅದು ನಿಮ್ಮ ಕೈಯಿಂದ ದುಡ್ಡಿಗೆ ಇನ್ನೊಬ್ಬರ ಕೈಗೆ ಹೋಗಬಾರದು. ಬೇಜಾರಾದರೆ ನನ್ನ ಹತ್ತಿರ ತನ್ನಿ, ಮಷಿನ್ ಬಿಚ್ಚಿಟ್ಟುಕೊಂಡು ಡಯಲ್ ಗೀಚಿ ಹಾಕುತ್ತೇನೆ. ಕೆಲಸ ಕಲಿಯುವ ಹುಡುಗರಿಗೆ ಬಿಚ್ಚಿ ಜೋಡಿಸುವ ಅಭ್ಯಾಸಕ್ಕೆ ಆಗುತ್ತದೆ.

ಅಳಿಯನಿಗೆ ಮದುವೆಯಲ್ಲಿ ವಾಚು ಕೊಡಬೇಕು. ಯಾರಿಗೆ ಗೊತ್ತಾಗುತ್ತೆ, ಮಾಸ್ಟರ್ ಕಾಪಿ ಕೊಟ್ಟರೆ?

ವರ್ಷಕ್ಕೆ ಇಬ್ಬರು ಮೂವರಾದರೂ ಇದನ್ನು ಕೇಳುತ್ತಾರೆ, ಸಾಲ ಮಾಡಿ ಮದುವೆ ಮಾಡುವವರೇ ಹೆಚ್ಚು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅನ್ನುತ್ತೇನೆ. ಎರಡು ವರ್ಷಕ್ಕೆ ವಾಚು ನಿಲ್ಲುತ್ತದೆ, ಅಳಿಯಂದಿರು ಸರ್ವಿಸ್ ಸೆಂಟರಿಗೆ ಒಯ್ಯುತ್ತಾರೆ, ಅಲ್ಲಿ ಕೌಂಟರಿನ ಮುಂದೆ ಗೊತ್ತಾಗುತ್ತದೆ. ಆಮೇಲೆ ಮಾತು ಕೇಳುವವಳು ನಿಮ್ಮ ಮಗಳು.

ಟೈಟನ್ ಕೊಡಿ, ಎಚ್‌ಎಂಟಿ ಕೊಡಿ, ಬಿಲ್ಲು, ಗ್ಯಾರಂಟಿ ಕಾರ್ಡು ಜೊತೆಗಿಟ್ಟು ಕೊಡಿ. ಧಾರೆಯ ದಿನ ಮಾವ ಕೊಟ್ಟ ಎಚ್‌ಎಂಟಿ ಕಾಂಚನವನ್ನು ನಲವತ್ತು ವರ್ಷದ ಮೇಲೂ ಸರ್ವಿಸ್‌ಗೆ ತರುವ ಹಿರಿಯರು ನಮ್ಮ ಅಂಗಡಿಗೆ ಈಗಲೂ ಬರುತ್ತಾರೆ.

ಅಸಲಿ ಅಂತ ನಂಬಿಸಿ ನಕಲಿ ಕೊಟ್ಟಿದ್ದಾರೆ. ದುಡ್ಡು ವಾಪಸ್ ಬರುತ್ತಾ?

ನಾನೇ ಹೀಗೆ ಮೋಸ ಹೋದವನು. ಸುಮಾರು ಹದಿನೈದು ವರ್ಷದ ಹಿಂದೆ, ಪರಿಚಯದವರ ಪರಿಚಯದವರೊಬ್ಬರು ರೋಲೆಕ್ಸ್‌ನ ಡೇಟ್‌ಜಸ್ಟ್ ಅನ್ನುವ ಮಾದರಿಯ ವಾಚೊಂದನ್ನು ತಂದರು. ಪೆಟ್ಟಿಗೆ, ಕಾಗದ, ಹಳೆಯ ಬಿಲ್ಲು ಎಲ್ಲ ಇತ್ತು. ಸಂಜೆಯ ಹೊತ್ತು, ಅಂಗಡಿ ತುಂಬ ಜನ. ಮುಚ್ಚಳ ಬಿಚ್ಚುವುದು ಅವರಿಗೆ ಅವಮಾನ ಆದೀತು ಅಂದುಕೊಂಡು ಬಿಚ್ಚಲಿಲ್ಲ. ರಾತ್ರಿ ಮನೆಯಲ್ಲಿ ಬಿಚ್ಚಿ ನೋಡಿದರೆ ಕೇಸು, ಚೈನು ಚೆನ್ನಾಗಿದ್ದವು, ಒಳಗಿದ್ದದ್ದು ಬೇರೆಯೇ ಮಷಿನ್. ಅವರ ಫೋನು ಆಮೇಲೆ ಸಿಗಲಿಲ್ಲ. ನನ್ನ ಹತ್ತಿರ ಒಂದು ಕಾಗದದ ಚೂರೂ ಇರಲಿಲ್ಲ, ಹಾಗಾಗಿ ದೂರು ಕೊಡಲೂ ಆಗಲಿಲ್ಲ.

ನಿಮ್ಮ ಹತ್ತಿರ ಬಿಲ್ಲು, ಬ್ಯಾಂಕಿನ ಪಾವತಿ, ಚಾಟಿನ ಸ್ಕ್ರೀನ್‌ಶಾಟ್ ಇದ್ದರೆ ದಾರಿ ಇದೆ. ಅಂಗಡಿಯಿಂದ ಅಥವಾ ಆನ್‌ಲೈನ್ ವ್ಯಾಪಾರಿಯಿಂದ ಕೊಂಡಿದ್ದರೆ ಮೊದಲು ಲಿಖಿತವಾಗಿ ವಾಪಸ್ ಕೇಳಿ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಹಾಕಬೇಕು. ಆನ್‌ಲೈನಿನಲ್ಲಿ ದುಡ್ಡು ಹಾಕಿಸಿಕೊಂಡು ಮಾಯವಾದವರ ಬಗ್ಗೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಖಾಸಗಿ ವ್ಯಕ್ತಿ ನಂಬಿಸಿ ದುಡ್ಡು ಕಿತ್ತಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ನಿನ ವಂಚನೆ, ಹಿಂದಿನ 420 ಅಂತಿದ್ದದ್ದೇ.

ಇನ್ನು ಕೊಳ್ಳುವವರಿಗೆ: ಅಂಗಡಿಯವರು 10 ಲಕ್ಷ ರೂಪಾಯಿ ಮೀರಿದ ವಾಚು ಮಾರುವಾಗ 2025ರ ಏಪ್ರಿಲ್ 22ರಿಂದ ಶೇಕಡ 1ರಷ್ಟು ತೆರಿಗೆ ಸಂಗ್ರಹಿಸಬೇಕು. ‘ಬಿಲ್ಲು ಬೇಡ, ಕ್ಯಾಶ್ ಕೊಡಿ’ ಅನ್ನುವ ಕಡೆಯಿಂದ ಎದ್ದು ಬನ್ನಿ.

## ಮುಚ್ಚಳ ಬಿಚ್ಚಿ ನೋಡುವವರಿಗೆ

ಸೂಪರ್ ಕ್ಲೋನ್ ಅಂತೆ, ಕಂಪನಿಯವರಿಗೇ ಗೊತ್ತಾಗಲ್ಲವಂತೆ. ನಿಜವಾ?

ಮುಚ್ಚಳ ಮುಚ್ಚಿದ್ದಾಗ, ಅನುಭವ ಇರುವವರಿಗೂ ಕಷ್ಟವಾಗುವಂಥವು ಬಂದಿವೆ. ಅದನ್ನು ಒಪ್ಪುತ್ತೇನೆ. ಗಾಜಿನ ಆರು ಗಂಟೆಯ ಜಾಗದಲ್ಲಿ ಲೇಸರಿನಿಂದ ಕೊರೆದ ಪುಟ್ಟ ಕಿರೀಟ, ಡಯಲ್ಲಿನ ಸುತ್ತ ಒಳಗೋಡೆಯಲ್ಲಿ ಕೆತ್ತಿದ ಹೆಸರು, ಕ್ರಮಸಂಖ್ಯೆ ಎಲ್ಲವನ್ನೂ ನಕಲು ಮಾಡುತ್ತಾರೆ. ಕ್ರಮಸಂಖ್ಯೆ ಯಾವುದೋ ಅಸಲಿಯದ್ದೇ ಇರುತ್ತದೆ, ಹಾಗಾಗಿ ನಂಬರು ಸರಿ ಇದೆ ಅನ್ನುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಗ್ಯಾರಂಟಿ ಕಾರ್ಡಿನ ಕತೆಯೂ ಅಷ್ಟೇ.

ಬಿಚ್ಚಿದ ಮೇಲೆ ಬೇರೆ. ಈಗಿನ ಅಸಲಿ ಸಬ್‌ಮರೀನರ್ ಮಷಿನ್ನಿನ ಹೇರ್‌ಸ್ಪ್ರಿಂಗ್ (ಬ್ಯಾಲೆನ್ಸ್ ಚಕ್ರವನ್ನು ಆಡಿಸುವ ಕೂದಲೆಳೆಯಂಥ ಸ್ಪ್ರಿಂಗು) ನೀಲಿ ಇರುತ್ತದೆ, ನಿಯೋಬಿಯಂ ಮತ್ತು ಜಿರ್ಕೋನಿಯಂ ಸೇರಿಸಿದ ಲೋಹ, ಅಯಸ್ಕಾಂತಕ್ಕೆ ಬಗ್ಗುವುದಿಲ್ಲ. ಕ್ಲೋನಿನಲ್ಲೂ ನೀಲಿ ಇರುತ್ತದೆ, ಬಣ್ಣ ಮಾತ್ರ. ಹತ್ತು ಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಹಿಡಿದು ನಾನು ಮೊದಲು ನೋಡುವುದು ಅಂಚುಗಳನ್ನು. ಸ್ಕ್ರೂವಿನ ಸೀಳಿನ ಅಂಚು ಚೂಪಾಗಿ, ಒಂದೇ ಸಮ ಇದೆಯೇ? ಚಕ್ರಗಳನ್ನು ಹಿಡಿದಿಡುವ ಬ್ರಿಡ್ಜ್ ಪಟ್ಟಿಯ ಒಳಮೂಲೆಯಲ್ಲಿ ಯಂತ್ರದ ಗೀಚು ಉಳಿದಿದೆಯೇ? ಯಾರೂ ನೋಡದ ಆ ಮೂಲೆಗೆ ಹೊತ್ತು ಕೊಡುವುದು ನಕಲು ಮಾಡುವವರಿಗೆ ಗಿಟ್ಟುವುದಿಲ್ಲ.

ಆಮೇಲೆ ಟೈಮ್‌ಗ್ರಾಫರ್ ಮೇಲೆ ಇಡುತ್ತೇನೆ. ಅದು ಟಿಕ್ ಸದ್ದು ಕೇಳಿಸಿಕೊಂಡು ವಾಚಿನ ನಡೆ ತೋರಿಸುವ ಯಂತ್ರ. ಡಯಲ್ ಮೇಲಾಗಿ, ಕೀ ಕೆಳಗಾಗಿ, ಹೀಗೆ ಆರು ಭಂಗಿಯಲ್ಲಿ ನೋಡಬೇಕು. ಅಸಲಿಯ ಗೆರೆ ಯಾವ ಭಂಗಿಯಲ್ಲೂ ಹೆಚ್ಚು ಕದಲುವುದಿಲ್ಲ. ಕ್ಲೋನು ಮಲಗಿಸಿದಾಗ ಒಂದು ಲೆಕ್ಕ, ನಿಲ್ಲಿಸಿದಾಗ ಇನ್ನೊಂದು ಲೆಕ್ಕ ತೋರಿಸುವುದೇ ಹೆಚ್ಚು.

ನಕಲು ವಾಚಿಗೆ ಅಸಲಿ ಚೈನು, ಅಸಲಿ ಬೆಜೆಲ್ ಹಾಕಿಸಿದ್ರೆ ಇನ್ನೂ ಚೆನ್ನಾಗಿರುತ್ತಲ್ಲ?

ಆ ಕೆಲಸ ನಾನು ಮಾಡುವುದಿಲ್ಲ. ನೂರಕ್ಕೆ ನೂರು ನಕಲಾದದ್ದನ್ನು ಗುರುತಿಸಬಹುದು. ಅರ್ಧ ಅಸಲಿ, ಅರ್ಧ ನಕಲಿ ಆದ ವಾಚೇ ಮುಂದೆ ಜನರನ್ನು ಮುಳುಗಿಸುವುದು. ನನ್ನನ್ನು ಮುಳುಗಿಸಿದ್ದೂ ಅಂಥದ್ದೇ. ಇದಕ್ಕೆ ತಿರುಗುಮುರುಗಾದದ್ದೂ ಇದೆ: ಅಸಲಿ ವಾಚಿನ ಮಾಲೀಕರಿಗೆ ಗೊತ್ತಾಗದ ಹಾಗೆ ಡಯಲ್ ಬದಲಾಗಿರುತ್ತದೆ. ಅಸಲಿ ಇರುವವರು ಎಲ್ಲೇ ರಿಪೇರಿಗೆ ಕೊಡಿ, ಮೊದಲು ಡಯಲ್ಲಿನ ಫೋಟೊ, ಸಾಧ್ಯವಾದರೆ ಅವರೆದುರೇ ಮುಚ್ಚಳ ಬಿಚ್ಚಿಸಿ ಮಷಿನ್ನಿನ ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಎಚ್‌ಎಂಟಿಗೂ ನಕಲು ಇದೆ ಅಂತಾರೆ?

ಇದೆ, ಬೇರೆ ರೀತಿಯಲ್ಲಿ. ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನ ವಾಚ್ ಕಾರ್ಖಾನೆ ಶುರುವಾದದ್ದು 1961ರಲ್ಲಿ, ಆಮೇಲೆ ತುಮಕೂರಿಗೂ ಕಾರ್ಖಾನೆ ಬಂತು. ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಅದಾದ ಮೇಲೆ ಹಳೆಯ ಜನತಾ, ಪೈಲಟ್ ವಾಚುಗಳಿಗೆ ಬೇಡಿಕೆ ಏರಿತು. ಈಗ ಹಳೆಯ ಜನತಾದ ಒಳ್ಳೆಯ ಮಷಿನ್ ಇಟ್ಟುಕೊಂಡು ಮೇಲೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ ‘ಅಪರೂಪದ ಪೈಲಟ್’ ಅಂತ ಮಾರುತ್ತಾರೆ. ಕಾರ್ಖಾನೆ ಯಾವತ್ತೂ ಮಾಡದ ಕಿತ್ತಳೆ, ಗುಲಾಬಿ ಡಯಲ್ಲುಗಳೂ ಬರುತ್ತವೆ. ಅಕ್ಷರದ ಅಂಚು ಹರಡಿಕೊಂಡಿದ್ದರೆ, ಐವತ್ತು ವರ್ಷದ ಕೇಸಿನಲ್ಲಿ ಡಯಲ್ ಮಾತ್ರ ನಿನ್ನೆ ಮಾಡಿದ ಹಾಗೆ ಹೊಳೆಯುತ್ತಿದ್ದರೆ ನಿಧಾನಿಸಿ. ಅಸಲಿ ಡಯಲ್ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಬೇಕಾದರೆ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿನಲ್ಲಿ ಒಂದು ಬೆಳಗ್ಗೆ ಕಳೆಯಿರಿ.

ಈ ನಕಲಿನ ದಂಧೆ ಈಚಿನದ್ದಾ?

ಅಲ್ಲ. ಹದಿನೆಂಟನೇ ಶತಮಾನದಲ್ಲೇ ಲಂಡನ್ನಿನ ಹೆಸರು ಕೆತ್ತಿದ, ಲಂಡನ್ ಕಾಣದ ಜೇಬುಗಡಿಯಾರಗಳು ಯೂರೋಪಿನ ತುಂಬ ಇದ್ದವು. ಪ್ಯಾರಿಸ್ಸಿನ ಬ್ರೆಗೆ ಅನ್ನುವ ದೊಡ್ಡ ಗಡಿಯಾರಗಾರ ನಕಲು ತಡೆಯಲೆಂದು 1795ರ ಸುಮಾರಿಗೆ ಡಯಲ್ಲಿನ ಮೇಲೆ ಗುಟ್ಟಿನ ಸಹಿ ಹಾಕತೊಡಗಿದ. ಓರೆ ಬೆಳಕಿನಲ್ಲಿ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣ ಸಹಿ. ಇವತ್ತಿನ ಗಾಜಿನ ಮೇಲಿನ ಪುಟ್ಟ ಕಿರೀಟ ಅದೇ ಉಪಾಯದ ಮೊಮ್ಮಗು.

ಅಪ್ಪ ತೀರಿಕೊಂಡರು. ಬೀರುವಿನಲ್ಲಿ ರೋಲೆಕ್ಸ್ ಸಿಕ್ಕಿದೆ. ಅಸಲಿಯಾ ನೋಡಿ ಹೇಳ್ತೀರಾ?

ನೋಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಫೋಟೊ ಕಳಿಸಬೇಡಿ, ಫೋಟೊ ನೋಡಿ ನಾನು ಏನೂ ಹೇಳುವುದಿಲ್ಲ. ವಾಚನ್ನೇ ತನ್ನಿ, ಜೊತೆಗೆ ಹಳೆಯ ಫೋಟೊ, ಬಿಲ್ಲು, ಅವರು ಯಾವ ಊರಿನಲ್ಲಿ ಕೆಲಸ ಮಾಡಿದ್ದರು ಅನ್ನುವ ಮಾಹಿತಿ ಏನಿದ್ದರೂ ತನ್ನಿ. ತರುವ ಮೊದಲು ಕೀ ತಿರುಗಿಸಿ ಓಡಿಸಲು ನೋಡಬೇಡಿ. ವರ್ಷಗಟ್ಟಲೆ ನಿಂತ ಮಷಿನ್ನಿನಲ್ಲಿ ಎಣ್ಣೆ ಗಟ್ಟಿಯಾಗಿರುತ್ತದೆ. ಪಾಲಿಶ್ ಅಂತೂ ಮಾಡಿಸಲೇಬೇಡಿ, ಅಸಲಿಯಾಗಿದ್ದರೆ ಅದರ ಬೆಲೆ ಹೋಗುತ್ತದೆ.

ಹೋದ ವರ್ಷ ಹುಣಸೂರು ಕಡೆಯ ಒಬ್ಬ ಹೆಣ್ಣುಮಗಳು ಹೀಗೇ ತಂದಿದ್ದರು. ತಂದೆ ಮೇಷ್ಟ್ರಾಗಿದ್ದವರು, ಕೊಲ್ಲಿಯಲ್ಲಿದ್ದ ಹಳೆಯ ಶಿಷ್ಯನೊಬ್ಬ ತಂದುಕೊಟ್ಟ ವಾಚಂತೆ. ಬಿಚ್ಚಿದೆ. 2813. ಹೇಗೆ ಹೇಳುವುದು ಅಂತ ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ ನೇರವಾಗಿಯೇ ಹೇಳಿದೆ, ‘ಅಮ್ಮ, ಇದು ಕಂಪನಿಯದ್ದಲ್ಲ’ ಅಂತ. ಲೂಪ್ ಅವರ ಕೈಗೇ ಕೊಟ್ಟು ಮಷಿನ್ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಚೈನಿನ ಕೊಕ್ಕೆಯ ಒಳಗೆ ಬೆವರು ಕೂತು ಕಪ್ಪಾದ ಒಂದು ಗೆರೆ ಇತ್ತು. ಅದನ್ನು ಉಗುರಿನಲ್ಲಿ ಮುಟ್ಟಿ, ‘ದಿನಾ ಕಟ್ಕೊಂಡೇ ಸ್ಕೂಲಿಗೆ ಹೋಗ್ತಿದ್ರು’ ಅಂದರು.

ಓಡುವ ಹಾಗೆ ಮಾಡಿಕೊಡಿ ಅಂತ ಕೇಳಿದರು. ಹೊಸ ಮಷಿನ್ ಹಾಕಿದೆ, ಹೊಸ ರಬ್ಬರ್ ಹಾಕಿದೆ. ಆ ಕಪ್ಪು ಗೆರೆ ತೊಳೆಯಬೇಡಿ ಅಂದಿದ್ದರು, ಚೈನು ಹಾಗೆಯೇ ಬಿಟ್ಟೆ. ರಸೀದಿಯಲ್ಲಿ ಎಂದಿನಂತೆ ‘ನಕಲು’ ಅಂತ ಬರೆದೆ. ಅವರು ಅದನ್ನು ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡು, ವಾಚನ್ನು ಅಲ್ಲೇ ಕೈಗೆ ಕಟ್ಟಿಕೊಂಡು ಹೋದರು.